ತಟ್ಟೆಯಲ್ಲಿ ಬೆಳೆದದ್ದು ಮಿದುಳೇ? ಸ್ಟೆಮ್ ಸೆಲ್ ಸುದ್ದಿಯ ಗೋಜಲು ಬಿಡಿಸಿ ನೋಡೋಣ

ಒಂದೇ ಮೊಬೈಲಿಗೆ ಎರಡು ಸುದ್ದಿ ಬರುತ್ತವೆ. ಲ್ಯಾಬ್‌ನಲ್ಲಿ ಬೆಳೆಸಿದ ಮನುಷ್ಯನ ಮಿದುಳು ಕೋಶಗಳು ವಿಡಿಯೊ ಗೇಮ್ ಆಡಿದವಂತೆ ಅನ್ನೋದು ಒಂದು. ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಲಕ್ವ, ಆಟಿಸಂ, ಕೈನಡುಕ ಎಲ್ಲ ವಾಸಿ ಅನ್ನೋದು ಇನ್ನೊಂದು. ಮೊದಲನೆಯದು ವಿಜ್ಞಾನದ ಸುದ್ದಿ, ಎರಡನೆಯದು ಜಾಹೀರಾತು. ಆದರೆ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಾ ಓದುವವರಿಗೆ ಎರಡರಲ್ಲೂ ಕಾಣೋದು ‘ಸ್ಟೆಮ್ ಸೆಲ್’ ಮತ್ತು ‘ಮಿದುಳು’ ಎಂಬ ಅದೇ ಎರಡು ಮಾತು. ಆಗ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ: ಲ್ಯಾಬ್‌ನಲ್ಲಿ ಮಿದುಳನ್ನೇ ಬೆಳೆಸ್ತಾರಂತೆ, ಹಂಗಾದ್ರೆ ನಮ್ಮ ಹುಡುಗನಿಗೆ ಒಂದು ಇಂಜೆಕ್ಷನ್ ಯಾಕೆ ಆಗಬಾರದು?

ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಆದರೆ ಈ ಎರಡು ಸುದ್ದಿಗಳ ನಡುವೆ ಇನ್ನೂ ಸೇತುವೆ ಕಟ್ಟಿ ಮುಗಿದಿಲ್ಲ. ಕಟ್ಟುವ ಕೆಲಸ ನಡೆದಿದೆ, ಒಂದೆರಡು ಕಂಬ ಎದ್ದಿವೆ. ಅಷ್ಟರಲ್ಲೇ ಕೆಲವರು ಈ ದಡದಲ್ಲಿ ನಿಂತು ಟಿಕೆಟ್ ಮಾರುತ್ತಿದ್ದಾರೆ.

ಕೋಶ ಯಾವ ಕಡೆ ಹೊರಟಿದೆ?

ಈ ಸುದ್ದಿಗಳನ್ನು ಬೇರೆ ಮಾಡೋಕೆ ಒಂದು ಸುಲಭದ ದಾರಿ ಇದೆ. ಕೋಶ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಬೇಕು.

ಸಂಶೋಧನೆಯಲ್ಲಿ ಕೋಶ ರೋಗಿಯಿಂದ ಲ್ಯಾಬಿಗೆ ಹೋಗುತ್ತದೆ. ಚಿಕಿತ್ಸೆಯಲ್ಲಿ ಲ್ಯಾಬಿನಿಂದ ರೋಗಿಯ ಮೈಯೊಳಗೆ ಬರುತ್ತದೆ. ಹೋಗುವಾಗ ರೋಗಿಯ ಮೈಗೆ ಆಗೋದು ಒಂದು ಸೂಜಿ ಚುಚ್ಚಿದ ನೋವು, ಅಷ್ಟೇ. ಬರುವಾಗ ಕಥೆ ಬೇರೆ. ಮಾತ್ರೆ ಒಗ್ಗದಿದ್ದರೆ ನಾಳೆಯಿಂದ ನಿಲ್ಲಿಸಬಹುದು. ತಲೆಬುರುಡೆಯೊಳಗೆ ಬಿಟ್ಟ ಜೀವಂತ ಕೋಶವನ್ನು ವಾಪಸ್ ತೆಗೆಯೋಕೆ ಆಗಲ್ಲ. ಅದು ಅಲ್ಲಿ ಬೆಳೆಯಬಹುದು, ಸಾಯಬಹುದು, ಬೇಡದ ಕಡೆ ಗಡ್ಡೆಯೂ ಆಗಬಹುದು. ಅದಕ್ಕೇ ಎರಡೂ ದಾರಿಗೆ ಬೇರೆ ಬೇರೆ ನಿಯಮ, ಬೇರೆ ಬೇರೆ ವೇಗ. ಗೇಮ್ ಆಡಿದ ಕೋಶ, ಜೋಳದ ಕಾಳಿನಷ್ಟು ಗಾತ್ರಕ್ಕೆ ಬೆಳೆಸಿದ ಕೋಶಗಳ ಉಂಡೆ ಅಂದರೆ ‘ಮಿನಿ ಮಿದುಳು’ ಇವೆಲ್ಲ ಹೋಗುವ ದಾರಿಯಲ್ಲಿ ಇರುವಂಥವು.

ರಕ್ತದ ಕೋಶ ನರಕೋಶ ಆಗೋದು ಹೇಗೆ?

ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಕೋಶದಲ್ಲೂ ಜೀನುಗಳ ಪೂರ್ತಿ ಪುಸ್ತಕ ಇರುತ್ತದೆ. ಚರ್ಮದ ಕೋಶ ತನಗೆ ಬೇಕಾದ ಪುಟ ಓದುತ್ತದೆ, ನರಕೋಶ ತನ್ನ ಪುಟ ಓದುತ್ತದೆ. ಉಳಿದ ಪುಟಗಳು ಅಂಟಿಕೊಂಡು ಮುಚ್ಚಿರುತ್ತವೆ. ಆ ಅಂಟು ಬಿಡಿಸಿ, ಕೋಶವನ್ನು ಮತ್ತೆ ಮೊದಲ ಪುಟಕ್ಕೆ ತರಬಹುದೇ ಎಂಬುದು ಬಹಳ ಹಳೆಯ ಪ್ರಶ್ನೆ. ಏನೂ ಆಗಿಲ್ಲದ, ಮುಂದೆ ಏನು ಬೇಕಾದರೂ ಆಗಬಲ್ಲ ಕೋಶಕ್ಕೆ ಸ್ಟೆಮ್ ಸೆಲ್ ಅಥವಾ ಆಕರಕೋಶ ಎಂದು ಹೆಸರು.

1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ತಂಡ ಮನುಷ್ಯನ ಭ್ರೂಣದಿಂದ ಇಂಥ ಕೋಶಗಳನ್ನು ಬೇರ್ಪಡಿಸಿತು. ದೊಡ್ಡ ಗೆಲುವು ಅದು. ಅದರ ಬೆನ್ನಿಗೇ ದೊಡ್ಡ ಜಗಳವೂ ಶುರುವಾಯಿತು. ಭ್ರೂಣ ಒಡೆಯದೆ ಕೋಶ ಸಿಗುತ್ತಿರಲಿಲ್ಲ, ಒಡೆಯೋದು ಸರಿಯೇ ಎಂಬ ವಾದ ಹಲವು ದೇಶಗಳಲ್ಲಿ ಸರ್ಕಾರದ ಮಟ್ಟಕ್ಕೂ ಹೋಯಿತು.

ಆ ಜಗಳವನ್ನು ಪಕ್ಕಕ್ಕೆ ಸರಿಸಿದ್ದು ಜಪಾನಿನ ಕ್ಯೋಟೊದ ಶಿನ್ಯಾ ಯಮನಾಕ. 2006ರಲ್ಲಿ ಇಲಿಯ ಚರ್ಮದ ಕೋಶಕ್ಕೆ, 2007ರಲ್ಲಿ ಮನುಷ್ಯನ ಚರ್ಮದ ಕೋಶಕ್ಕೆ ಅವರ ತಂಡ ನಾಲ್ಕೇ ನಾಲ್ಕು ಜೀನುಗಳನ್ನು ಸೇರಿಸಿತು. ವಯಸ್ಸಾದ ಕೋಶ ಹಿಂದಕ್ಕೆ ನಡೆದು ಸ್ಟೆಮ್ ಸೆಲ್ ಆಯಿತು. 2012ರಲ್ಲಿ ಯಮನಾಕ ಅವರಿಗೆ ನೊಬೆಲ್ ಬಂತು. ದಶಕಗಳ ಹಿಂದೆಯೇ ಕಪ್ಪೆಯಲ್ಲಿ ಇದೇ ದಾರಿ ತೋರಿಸಿದ್ದ ಬ್ರಿಟನ್ನಿನ ಜಾನ್ ಗರ್ಡನ್ ಅದನ್ನು ಹಂಚಿಕೊಂಡರು. ಹೀಗೆ ಮಾಡಿದ ಕೋಶಕ್ಕೆ ಲ್ಯಾಬ್‌ನವರು ‘ಐಪಿಎಸ್ ಕೋಶ’ ಅನ್ನುತ್ತಾರೆ. ನಮ್ಮಲ್ಲಿ ಐಪಿಎಸ್ ಅಂದ್ರೆ ಪೊಲೀಸ್ ಸಾಹೇಬರು, ಹಾಗಾಗಿ ಈ ಲೇಖನದಲ್ಲಿ ಸುಮ್ನೆ ಸ್ಟೆಮ್ ಸೆಲ್ ಎಂದೇ ಬರೆಯೋಣ.

ಈಗ ಲ್ಯಾಬಿನೊಳಗೆ ಒಂದು ಸುತ್ತು ಬರೋಣ. ರೋಗಿಯಿಂದ ಸ್ವಲ್ಪ ರಕ್ತ ತೆಗೆಯುತ್ತಾರೆ. ಅದರಲ್ಲಿನ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ ಆ ಜೀನುಗಳನ್ನು ಒಳಗೆ ಕಳಿಸುತ್ತಾರೆ. ಮೂರು-ನಾಲ್ಕು ವಾರ ಕಾಯಬೇಕು. ಸಾವಿರಾರು ಕೋಶಗಳಲ್ಲಿ ಎಲ್ಲೋ ಕೆಲವು ಮಾತ್ರ ಹಿಂದಕ್ಕೆ ನಡೆಯುತ್ತವೆ. ಅವು ಒಂದಕ್ಕೊಂದು ಒತ್ತಿಕೊಂಡು, ಅಂಚು ಚೊಕ್ಕವಾಗಿರುವ ಪುಟ್ಟ ಗುಂಪುಗಳಾಗಿ ಸೂಕ್ಷ್ಮದರ್ಶಕದಲ್ಲಿ ಕಾಣಿಸುತ್ತವೆ. ಅವನ್ನು ಒಂದೊಂದಾಗಿ ಎತ್ತಿ ಬೇರೆ ತಟ್ಟೆಗೆ ಹಾಕುತ್ತಾರೆ. ಆಮೇಲೆ ‘ನೀನು ನರಕೋಶ ಆಗು’ ಎಂದು ಹೇಳುವ ರಾಸಾಯನಿಕಗಳನ್ನು ಸರದಿಯಂತೆ ಕೊಡುತ್ತಾರೆ. ಇನ್ನೂ ಒಂದೆರಡು ತಿಂಗಳಲ್ಲಿ ಕೋಶಗಳು ಬಾಲ ಬಿಟ್ಟು, ಕವಲೊಡೆದು, ಪಕ್ಕದ ಕೋಶವನ್ನು ಮುಟ್ಟಿ ವಿದ್ಯುತ್ ಮಿಡಿತ ಕಳಿಸಲು ಶುರು ಮಾಡುತ್ತವೆ.

ಇದೆಲ್ಲ 37 ಡಿಗ್ರಿ ಶಾಖದ ಇನ್‌ಕ್ಯುಬೇಟರ್ ಪೆಟ್ಟಿಗೆಯೊಳಗೆ ನಡೆಯಬೇಕು. ಕೋಶಗಳಿಗೆ ಹಾಕುವ ಆಹಾರ ಸಾಮಾನ್ಯವಾಗಿ ಕೆಂಪು ಬಣ್ಣದ ದ್ರವ. ಕೋಶಗಳು ತಿಂದು ಹುಳಿ ಬಿಟ್ಟಂತೆಲ್ಲ ಅದು ಹಳದಿಗೆ ತಿರುಗುತ್ತದೆ. ಹಳದಿ ಕಂಡರೆ ಬದಲಿಸಬೇಕು. ಕೆಲವಕ್ಕೆ ದಿನಾ, ಕೆಲವಕ್ಕೆ ದಿನ ಬಿಟ್ಟು ದಿನ. ಯುಗಾದಿ ಅಂತ ರಜೆ ಹಾಕುವ ಹಾಗಿಲ್ಲ. ಎಮ್ಮೆ ಕಟ್ಟಿದ ಮನೆಯವರು ಊರು ಬಿಟ್ಟು ನಾಲ್ಕು ದಿನ ಹೋಗಲಾರರು ಅಲ್ವಾ, ಈ ಲ್ಯಾಬ್‌ನವರ ಪಾಡೂ ಅದೇ.

ಇಷ್ಟೆಲ್ಲ ಒದ್ದಾಟ ಯಾಕೆ?

ಸ್ತನದಲ್ಲಿ ಗಂಟು ಕಂಡರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಲಿವರ್‌ನಿಂದಲೂ ಚೂರು ತೆಗೆಯಬಹುದು. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವರ ಮಿದುಳಿನಿಂದ ಹಾಗೆ ಚೂರು ತೆಗೆದು ನೋಡೋಕೆ ಆಗಲ್ಲ. ಎಂಆರ್‌ಐನಲ್ಲಿ ಮಿದುಳಿನ ಆಕಾರ ಕಾಣುತ್ತದೆ, ಒಂದು ನರಕೋಶ ಪಕ್ಕದ ಕೋಶಕ್ಕೆ ಏನು ಹೇಳುತ್ತಿದೆ ಎಂಬುದು ಕಾಣಲ್ಲ. ತೀರಿಹೋದವರ ಮಿದುಳನ್ನು ಪರೀಕ್ಷಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಾನ ಬಂದ ಮಿದುಳುಗಳ ಬ್ಯಾಂಕೇ ಇದೆ, ಅದರಿಂದ ಕಲಿತದ್ದೂ ಬಹಳ. ಆದರೆ ಅದು ಒಲೆ ಆರಿದ ಮೇಲೆ ಬೂದಿ ನೋಡಿದ ಹಾಗೆ. ಯಾವ ಕಟ್ಟಿಗೆಗೆ ಮೊದಲು ಬೆಂಕಿ ಹತ್ತಿತು ಎಂದು ಬೂದಿ ಹೇಳುವುದಿಲ್ಲ.

ಇಲಿಯ ಮಿದುಳು ನೋಡಬಹುದಲ್ಲ? ನೋಡುತ್ತಲೇ ಬಂದಿದ್ದಾರೆ. ಆದರೆ ಇಲಿಯ ಮಿದುಳಿನ ಮೇಲ್ಮೈ ನಯ, ನಮ್ಮದು ಅಕ್ರೋಟು ಕಾಯಿಯ ಹಾಗೆ ಮಡಿಕೆ ಮಡಿಕೆ. ಮನುಷ್ಯನ ಮಿದುಳನ್ನು ದೊಡ್ಡದು ಮಾಡುವ ಕೆಲವು ಬಗೆಯ ಮೂಲಕೋಶಗಳು (ನರಕೋಶಗಳನ್ನು ಹುಟ್ಟಿಸುವ ಕೋಶಗಳು) ಇಲಿಯಲ್ಲಿ ತೀರಾ ಕಮ್ಮಿ. ಇಲಿಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಮಿದುಳು ಕಾಯಿಲೆಯ ಔಷಧಿಗಳು ಮನುಷ್ಯನಲ್ಲಿ ಮತ್ತೆ ಮತ್ತೆ ಸೋತಿವೆ. ಮರೆವಿನ ಕಾಯಿಲೆಯಾದ ಆಲ್ಝೈಮರ್ಸ್‌ನ ಔಷಧಿಗಳ ಚರಿತ್ರೆಯ ಬಹುಪಾಲು ಇದೇ.

ಸ್ಟೆಮ್ ಸೆಲ್ ಇಲ್ಲಿ ಏನು ಕೊಡುತ್ತದೆ ಅನ್ನೋದಕ್ಕೆ ಲಿಥಿಯಂನಷ್ಟು ಒಳ್ಳೆ ಉದಾಹರಣೆ ಇನ್ನೊಂದಿಲ್ಲ. ಬೈಪೋಲಾರ್ ಕಾಯಿಲೆ ಇರುವವರಿಗೆ ಕೆಲವು ವಾರ ಅತಿ ಉತ್ಸಾಹ, ಕೆಲವು ವಾರ ಪಾತಾಳಕ್ಕೆ ಇಳಿದ ಮನಸ್ಸು. ಇದಕ್ಕೆ ಹಳೆಯ, ಅಗ್ಗದ ಔಷಧಿ ಲಿಥಿಯಂ ಮಾತ್ರೆ. ಕೆಲವರಿಗೆ ಅದು ಅಮೃತ. ಇನ್ನು ಕೆಲವರಿಗೆ ಏನೂ ಆಗಲ್ಲ. ಯಾರಿಗೆ ಹಿಡಿಯುತ್ತದೆ ಎಂದು ಮೊದಲೇ ಹೇಳೋಕೆ ಡಾಕ್ಟರಿಗೆ ದಾರಿ ಇಲ್ಲ. ಕೊಟ್ಟು, ವಾರಗಟ್ಟಲೆ ಕಾದು, ನಡುವೆ ರಕ್ತ ಪರೀಕ್ಷೆ ಮಾಡಿಸಿ ನೋಡಬೇಕು. ಅಷ್ಟರಲ್ಲಿ ಮನೆಯವರು ಹೈರಾಣಾಗಿರುತ್ತಾರೆ.

2015ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ತಂಡವೊಂದು ಬೈಪೋಲಾರ್ ರೋಗಿಗಳ ಕೋಶಗಳಿಂದ ನರಕೋಶ ಬೆಳೆಸಿತು. ತಟ್ಟೆಯಲ್ಲಿದ್ದ ಆ ನರಕೋಶಗಳು ಆರೋಗ್ಯವಂತರ ನರಕೋಶಗಳಿಗಿಂತ ಜಾಸ್ತಿ ಮಿಡಿಯುತ್ತಿದ್ದವು, ಒಂಥರಾ ತಡೆಯಿಲ್ಲದ ಚಡಪಡಿಕೆ. ಆಮೇಲೆ ಲಿಥಿಯಂ ಹಾಕಿದರು. ಯಾವ ರೋಗಿಗಳಿಗೆ ನಿಜ ಜೀವನದಲ್ಲಿ ಲಿಥಿಯಂ ಹಿಡಿದಿತ್ತೋ ಅವರ ಕೋಶಗಳು ಮಾತ್ರ ಶಾಂತವಾದವು. ಹಿಡಿಯದಿದ್ದವರ ಕೋಶಗಳು ಹಾಗೇ ಉಳಿದವು. ರೋಗಿಗಳ ಸಂಖ್ಯೆ ಸಣ್ಣದಿತ್ತು, ಇದನ್ನೇ ಹಿಡಿದು ಆಸ್ಪತ್ರೆಯಲ್ಲಿ ಟೆಸ್ಟ್ ಮಾಡುವ ಹಂತ ಇನ್ನೂ ಬಂದಿಲ್ಲ. ಆದರೂ ಒಬ್ಬ ಮನುಷ್ಯನ ಕಾಯಿಲೆಯ ಲಕ್ಷಣ ಅವನ ಮೈಯಿಂದ ಹೊರಗೆ, ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಕಾಣಿಸಿತು ಎಂಬುದೇ ಇಲ್ಲಿನ ಸುದ್ದಿ. ಗೇಮ್ ಆಡಿದ ಸುದ್ದಿಗಿಂತ ಇದು ಎಷ್ಟೋ ದೊಡ್ಡದು. ಆದರೆ ಇದಕ್ಕೆ ವಿಡಿಯೊ ಇಲ್ಲ, ಹಾಗಾಗಿ ಯಾರೂ ಫಾರ್ವರ್ಡ್ ಮಾಡಲ್ಲ.

ಒಂದು ತೊಡಕನ್ನೂ ಹೇಳಬೇಕು. ಅರವತ್ತು ವರ್ಷದವರ ರಕ್ತಕೋಶವನ್ನು ಸ್ಟೆಮ್ ಸೆಲ್ ಮಾಡಿದಾಗ ಅದರ ವಯಸ್ಸೂ ಬಹುಪಾಲು ಅಳಿಸಿಹೋಗುತ್ತದೆ. ಅದರಿಂದ ಹುಟ್ಟುವ ನರಕೋಶ ಭ್ರೂಣದ ನರಕೋಶದಷ್ಟು ಎಳೆಯದು. ಹುಟ್ಟಿನಿಂದ ಬರುವ ತೊಂದರೆಗಳನ್ನು ನೋಡೋಕೆ ಇದು ಅನುಕೂಲ. ಮರೆವಿನ ಕಾಯಿಲೆ, ಕೈ ನಡುಗಿಸುವ ಪಾರ್ಕಿನ್ಸನ್‌ನಂಥ ವಯಸ್ಸಾದವರ ಕಾಯಿಲೆಗೆ ಇದೇ ಅಡ್ಡಿ. ಎಳೆಗೂಸಿನಲ್ಲಿ ಮುಪ್ಪನ್ನು ಹುಡುಕಿದ ಹಾಗಾಗುತ್ತದೆ.

ಜೋಳದ ಕಾಳಿಗೂ ಮಿದುಳಿಗೂ ಎಷ್ಟು ದೂರ?

ತಟ್ಟೆಗೆ ಅಂಟಿಕೊಂಡು ಬೆಳೆಯುವ ಕೋಶಗಳು ಒಂದು ಪದರ ಆಗುತ್ತವೆ, ಅಷ್ಟೇ. ಅವನ್ನು ಅಂಟಲು ಬಿಡದೆ ದ್ರವದಲ್ಲಿ ತೇಲಿಸಿ ಬೆಳೆಸಿದರೆ ಉಂಡೆ ಕಟ್ಟುತ್ತವೆ. ಉಂಡೆಯೊಳಗೆ ಯಾರೂ ಹೇಳಿಕೊಡದೆ ಕೋಶಗಳು ಪದರ ಪದರವಾಗಿ ಜೋಡಿಸಿಕೊಳ್ಳುತ್ತವೆ. ಜಪಾನಿನ ಯೋಶಿಕಿ ಸಸಾಯ್ ತಂಡ 2008ರಲ್ಲೇ ಇದರ ಸುಳಿವು ಕೊಟ್ಟಿತ್ತು. 2013ರಲ್ಲಿ ವಿಯೆನ್ನಾದಲ್ಲಿ ಮ್ಯಾಡಲಿನ್ ಲ್ಯಾಂಕಾಸ್ಟರ್ ಮತ್ತು ಯುರ್ಗನ್ ಕ್ನೋಬ್ಲಿಖ್ ಸುಮಾರು ನಾಲ್ಕು ಮಿಲಿಮೀಟರಿನ ಉಂಡೆ ಬೆಳೆಸಿ ತೋರಿಸಿದರು. ಹೆಚ್ಚುಕಡಿಮೆ ನಮ್ಮ ಜೋಳದ ಕಾಳಿನ ಗಾತ್ರ. ಇದಕ್ಕೆ ಆರ್ಗನಾಯ್ಡ್ ಎಂದು ಹೆಸರು. ಪತ್ರಿಕೆಗಳು ಇದನ್ನೇ ‘ಮಿನಿ ಮಿದುಳು’ ಎಂದು ಕರೆದವು, ಗೊಂದಲಕ್ಕೆ ಅರ್ಧ ಕಾರಣ ಈ ಹೆಸರೇ. ಈ ಕೆಲಸ ಮಾಡುವ ವಿಜ್ಞಾನಿಗಳಲ್ಲೇ ಹಲವರು ಆ ಹೆಸರು ಬೇಡ ಎನ್ನುತ್ತಾರೆ.

ಯಾಕೆ ಬೇಡ? ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶ ಇವೆ. ಆರ್ಗನಾಯ್ಡ್‌ನಲ್ಲಿರುವುದು ಲಕ್ಷಗಳ ಲೆಕ್ಕ. ಅದಕ್ಕೆ ರಕ್ತನಾಳ ಇಲ್ಲ. ಆಮ್ಲಜನಕ ಹೊರಗಿನಿಂದ ಜಿನುಗಿ ಒಳಗೆ ಹೋಗಬೇಕು, ಉಂಡೆ ದಪ್ಪವಾದ ಹಾಗೆ ನಡುಭಾಗ ಉಸಿರುಗಟ್ಟಿ ಸಾಯುತ್ತದೆ. ಅದಕ್ಕೇ ಅದು ದೊಡ್ಡದಾಗಲ್ಲ. ಕಣ್ಣು, ಕಿವಿ, ಚರ್ಮ ಯಾವುದೂ ಇಲ್ಲ, ಹೊರಗಿನ ಲೋಕದಿಂದ ಒಂದು ಸುದ್ದಿಯೂ ಒಳಗೆ ಹೋಗಲ್ಲ. ಒಂದೇ ಬ್ಯಾಚಿನ ಎರಡು ಉಂಡೆಗಳು ಒಂದೇ ಥರ ಇರೋದೂ ಕಷ್ಟ. ನಿಜವಾದ ಮಿದುಳಿನ ಒಂದು ಮೂಲೆಯ ಒರಟು ನಕಲು ಎಂದರೆ ಸರಿಹೋದೀತು.

ಆ ಒರಟು ನಕಲೇ ಕೆಲಸಕ್ಕೆ ಬಂತು. ವಿಯೆನ್ನಾ ತಂಡ ಹುಟ್ಟಿನಿಂದ ತಲೆ ಚಿಕ್ಕದಿರುವ ರೋಗಿಯೊಬ್ಬರ ಕೋಶಗಳಿಂದಲೂ ಉಂಡೆ ಬೆಳೆಸಿತ್ತು. ಮೂಲಕೋಶಗಳು ಸಾಕಷ್ಟು ಸಂಖ್ಯೆಗೆ ಬೆಳೆಯುವ ಮೊದಲೇ ಅವಸರದಲ್ಲಿ ನರಕೋಶಗಳಾಗಿಬಿಡುವುದು ಅಲ್ಲಿ ಕಾಣಿಸಿತು. ಬಿತ್ತನೆಗೆ ಇಟ್ಟ ಬೀಜವನ್ನೇ ಅಡುಗೆಗೆ ಬಳಸಿದರೆ ಮುಂದಿನ ಬೆಳೆ ಕಮ್ಮಿ ತಾನೇ, ಹಾಗೆ.

ಮುಂದೆ 2015-16ರಲ್ಲಿ ಬ್ರೆಜಿಲ್‌ನಲ್ಲಿ ಝೀಕಾ ಸೋಂಕು ಹರಡಿದಾಗ ಚಿಕ್ಕ ತಲೆಯ ಮಕ್ಕಳು ಹುಟ್ಟತೊಡಗಿದರು. ವೈರಸ್ಸೇ ಕಾರಣವೋ, ಬೇರೇನಾದರೂ ಇದೆಯೋ ಎಂಬ ಅನುಮಾನ ಇತ್ತು. 2016ರಲ್ಲಿ ಉಂಡೆಗಳಿಗೆ ವೈರಸ್ ತಗುಲಿಸಿ ನೋಡಿದಾಗ ಅದು ಮೂಲಕೋಶಗಳನ್ನೇ ಹುಡುಕಿ ಕೊಲ್ಲುವುದು ಕಂಡಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಝೀಕಾವನ್ನೂ ಹರಡುತ್ತದೆ. 2022ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆಯಲ್ಲೂ ಒಂದು ಪ್ರಕರಣ ಸಿಕ್ಕಿತ್ತು. ಹಾಗಾಗಿ ಇದು ಎಲ್ಲೋ ದೂರದ ಕಥೆ ಅನ್ನುವ ಹಾಗಿಲ್ಲ.

ಇನ್ನು ಆ ಗೇಮಿನ ವಿಷಯ. 2022ರಲ್ಲಿ ಮೆಲ್ಬರ್ನ್‌ನ ಕಾರ್ಟಿಕಲ್ ಲ್ಯಾಬ್ಸ್ ಎಂಬ ಕಂಪನಿ ಸುಮಾರು ಎಂಟು ಲಕ್ಷ ಕೋಶಗಳ ಪದರವನ್ನು ವಿದ್ಯುತ್ ಚಿಪ್ ಮೇಲೆ ಬೆಳೆಸಿತು. ಕೆಲವು ಪ್ರಯೋಗಗಳಲ್ಲಿ ಮನುಷ್ಯನ ಕೋಶ, ಕೆಲವದರಲ್ಲಿ ಇಲಿಯದು. ಚೆಂಡನ್ನು ಪಟ್ಟಿಯಿಂದ ಹೊಡೆಯುವ ‘ಪಾಂಗ್’ ಎಂಬ ಹಳೆ ಗೇಮಿನ ಚೆಂಡು ಎಲ್ಲಿದೆ ಎಂದು ಚಿಪ್ ಸಣ್ಣ ವಿದ್ಯುತ್ ಮಿಡಿತದಲ್ಲಿ ತಿಳಿಸುತ್ತಿತ್ತು. ಚೆಂಡಿಗೆ ಪಟ್ಟಿ ತಾಗಿದರೆ ಕ್ರಮಬದ್ಧ ಮಿಡಿತ, ತಪ್ಪಿದರೆ ಅಡ್ಡಾದಿಡ್ಡಿ ಮಿಡಿತ. ಸ್ವಲ್ಪ ಹೊತ್ತಿನಲ್ಲಿ ಕೋಶಗಳು ಚೆಂಡನ್ನು ಹೆಚ್ಚು ಸಲ ಹಿಂದಿರುಗಿಸತೊಡಗಿದವು. ಅಡ್ಡಾದಿಡ್ಡಿಯನ್ನು ಕಡಿಮೆ ಮಾಡಿಕೊಳ್ಳುವ ಕಡೆಗೆ ಕೋಶಜಾಲ ವಾಲಿತು ಎಂಬುದು ತಂಡದ ವಿವರಣೆ. ಗೆಲ್ಲಬೇಕು ಎಂಬ ಆಸೆ ಅದಕ್ಕೆ ಹುಟ್ಟಿತು ಎಂದು ಇದರ ಅರ್ಥ ಅಲ್ಲ. ಪ್ರಬಂಧದ ತಲೆಬರಹದಲ್ಲಿ ‘ಸಂವೇದನೆ’ಯ ಮಾತು ಬಂದದ್ದಕ್ಕೆ ಬೇರೆ ವಿಜ್ಞಾನಿಗಳೇ ಆಕ್ಷೇಪ ಎತ್ತಿದರು. 2025ರಲ್ಲಿ ಕಂಪನಿ ಇಂಥ ಯಂತ್ರವನ್ನು ಮಾರಾಟಕ್ಕೂ ತಂದಿದೆ. ಕಂಪ್ಯೂಟರಿಗಿಂತ ಕಡಿಮೆ ಕರೆಂಟಿನಲ್ಲಿ ಕಲಿಯುವ ಯಂತ್ರ ಮಾಡಬಹುದೇ ಎಂಬ ಆಸೆ ಅದರ ಹಿಂದಿದೆ. ಅದು ಕಾಯಿಲೆಯ ಸಂಶೋಧನೆಯಿಂದ ಕವಲೊಡೆದ ಬೇರೆಯೇ ದಾರಿ.

ಆ ಉಂಡೆಗೆ ನೋವಾಗುತ್ತದೆಯೇ?

ಕೇಳಿದರೆ ನಗುವ ಪ್ರಶ್ನೆ ಅಲ್ಲ ಇದು. 2019ರಲ್ಲಿ ಕ್ಯಾಲಿಫೋರ್ನಿಯಾದ ಅಲಿಸನ್ ಮುಒಟ್ರಿ ತಂಡ ತಿಂಗಳುಗಟ್ಟಲೆ ಬೆಳೆಸಿದ ಉಂಡೆಗಳಲ್ಲಿ ವಿದ್ಯುತ್ ಅಲೆಗಳನ್ನು ದಾಖಲಿಸಿತು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ) ಕಾಣುವ ಅಲೆಗಳಿಗೂ ಅವಕ್ಕೂ ಕೆಲವು ಹೋಲಿಕೆ ಇತ್ತು. ಹೋಲಿಕೆ ಅಂದ ಕೂಡಲೇ ‘ಯೋಚಿಸುವ ಉಂಡೆ’ ಎಂಬ ಸುದ್ದಿ ಹಬ್ಬಿತು.

ಸಂಶೋಧನೆಯಲ್ಲಿ ತೊಡಗಿದ ಹೆಚ್ಚಿನವರ ನಿಲುವು ಸರಳ. ನೋವು ಅನ್ನಲು ಅದನ್ನು ತಿಳಿಸುವ ನರ ಬೇಕು, ತಿಳಿದುಕೊಳ್ಳುವ ಭಾಗಗಳು ಒಂದಕ್ಕೊಂದು ಸೇರಿರಬೇಕು, ಇಲ್ಲಿ ಎರಡೂ ಇಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿ 2021ರ ವರದಿಯಲ್ಲಿ, ಈಗಿನ ಆರ್ಗನಾಯ್ಡ್‌ಗಳಿಗೆ ಪ್ರಜ್ಞೆ ಇದೆ ಎನ್ನಲು ಕಾರಣ ಇಲ್ಲ, ಆದರೆ ಮುಂದೆ ಅವು ಸಂಕೀರ್ಣವಾದಂತೆ ಮತ್ತೆ ಮತ್ತೆ ಪರಿಶೀಲಿಸಬೇಕು ಎಂದಿತು. ಎದುರು ವಾದಿಸುವವರು ಹಿಡಿಯುವುದು ಆ ‘ಮುಂದೆ’ ಎಂಬ ಪದವನ್ನೇ. ಪ್ರಜ್ಞೆ ಅಳೆಯುವ ಮೀಟರ್ ಯಾರ ಹತ್ತಿರವೂ ಇಲ್ಲ, ಹಾಗಿರುವಾಗ ಗೆರೆ ದಾಟಿದ್ದು ಗೊತ್ತಾಗೋದು ಹೇಗೆ ಎಂದು ಅವರು ಕೇಳುತ್ತಾರೆ. ಮಾನವ ಭ್ರೂಣದ ಪ್ರಯೋಗಕ್ಕೆ 14 ದಿನದ ಗಡಿ ಎಂಬ ಹಳೆ ನಿಯಮ ಇದೆ, ಭಾರತದ ಮಾರ್ಗಸೂಚಿಯಲ್ಲೂ ಇದೆ. ಆರ್ಗನಾಯ್ಡ್ ಭ್ರೂಣ ಅಲ್ಲ, ಹಾಗಾಗಿ ಆ ಗಡಿ ಅದಕ್ಕೆ ತಾಗುವುದಿಲ್ಲ.

ಪ್ರಶ್ನೆಯನ್ನು ಇನ್ನಷ್ಟು ಬಿಗಿ ಮಾಡಿದ್ದು 2022ರ ಪ್ರಯೋಗ. ಸ್ಟ್ಯಾನ್‌ಫೋರ್ಡ್‌ನ ಸೆರ್ಜು ಪಾಷ್ಕಾ ತಂಡ ಮನುಷ್ಯನ ಕೋಶದ ಉಂಡೆಯನ್ನು ಹೆಗ್ಗಣ ಜಾತಿಯ ಮರಿಗಳ ಮಿದುಳಿಗೆ ಕಸಿ ಮಾಡಿತು. ಅಲ್ಲಿ ರಕ್ತನಾಳ ಸಿಕ್ಕಿತು, ಉಂಡೆ ಬೆಳೆದು ಮಿದುಳಿನ ಒಂದು ಅರ್ಧಗೋಳದ ಸುಮಾರು ಮೂರನೇ ಒಂದು ಭಾಗವನ್ನು ತುಂಬಿತು. ಮರಿಯ ಮೀಸೆ ಅಲುಗಿಸಿದರೆ ಮನುಷ್ಯನ ನರಕೋಶ ಮಿಡಿಯುತ್ತಿತ್ತು. ಕಿರಿಕಿರಿ ಅನ್ನಿಸುತ್ತದೆ, ನಿಜ. ಆದರೆ ಅದೇ ವಿಧಾನದಿಂದ 2024ರಲ್ಲಿ ಟಿಮೊಥಿ ಸಿಂಡ್ರೋಮ್ ಎಂಬ ಅಪರೂಪದ ವಂಶವಾಹಿ ಕಾಯಿಲೆಗೆ ಒಂದು ಸಂಭಾವ್ಯ ಔಷಧಿಯನ್ನು ಪರೀಕ್ಷಿಸಲಾಯಿತು. ಆ ಕಾಯಿಲೆಯವರು ಜಗತ್ತಿನಲ್ಲೇ ಬಹಳ ಕಮ್ಮಿ. ರೋಗಿಗಳು ಅಷ್ಟು ಕಮ್ಮಿ ಇರುವಾಗ ಔಷಧಿಯನ್ನು ಮೊದಲು ಪರೀಕ್ಷಿಸಿ ನೋಡಲು ಬೇರೆ ದಾರಿ ಸಿಗುವುದು ಕಷ್ಟ.

ಹೀಗಾಗಿ ಇವತ್ತಿನ ಉಂಡೆಯ ನೋವಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದಕ್ಕಿಂತ ಮೊದಲು ಕೇಳಬೇಕಾದ್ದು, ಕೋಶ ಕೊಟ್ಟ ಮನುಷ್ಯನ ಬಗ್ಗೆ. ಆ ವಿಷಯಕ್ಕೆ ಆಮೇಲೆ ಬರೋಣ.

ಇಂಜೆಕ್ಷನ್ ಮಾರುವವರು

ಈಗ ವಾಪಸ್ ಬರುವ ದಾರಿ. ಸ್ಟೆಮ್ ಸೆಲ್ ಚಿಕಿತ್ಸೆ ಪೂರ್ತಿ ಸುಳ್ಳು ಎಂದರೆ ತಪ್ಪಾಗುತ್ತದೆ. ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾದಂಥ ಕಾಯಿಲೆಗಳಿಗೆ ಅಸ್ಥಿಮಜ್ಜೆಯ ಕಸಿ ದಶಕಗಳಿಂದ ನಡೆಯುತ್ತಿದೆ, ಅದೂ ಸ್ಟೆಮ್ ಸೆಲ್ಲೇ, ಆದರೆ ರಕ್ತದ ಕೋಶಗಳಷ್ಟೇ ಆಗುವ ಬಗೆ. ಪ್ರಶ್ನೆ ಇರುವುದು ಮಿದುಳಿನ ಹೆಸರಲ್ಲಿ ಮಾರುವುದರ ಬಗ್ಗೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರತಂದ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಮಾತು ಸ್ಪಷ್ಟವಾಗಿದೆ: ರಕ್ತ ಸಂಬಂಧಿ ಕಾಯಿಲೆಗಳಿಗೆ ಒಪ್ಪಿಗೆ ಇರುವ ಆ ಕಸಿ ಬಿಟ್ಟರೆ, ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನ ಹೊರಗೆ ಸ್ಟೆಮ್ ಸೆಲ್ ಅನ್ನು ರೋಗಿಗೆ ಕೊಡುವುದು ಅನೈತಿಕ. 2022ರ ಕೊನೆಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತೆ ಮಂಡಳಿಯೂ ಆಟಿಸಂಗೆ ಇದನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡುವುದಿಲ್ಲ ಎಂದು ಹೇಳಿತು. ಆದರೂ ಜಾಹೀರಾತು ನಿಂತಿಲ್ಲ.

ಇಂಥ ಕಡೆ ಸಾಮಾನ್ಯವಾಗಿ ಚುಚ್ಚುವುದು ಏನನ್ನು? ರೋಗಿಯದೇ ಅಸ್ಥಿಮಜ್ಜೆಯಿಂದ ಅಥವಾ ಕೊಬ್ಬಿನಿಂದ ತೆಗೆದ ಕೋಶಗಳನ್ನು, ಇಲ್ಲವೇ ಹೊಕ್ಕುಳಬಳ್ಳಿಯ ಕೋಶಗಳನ್ನು. ಇವು ಮೈಯೊಳಗೆ ಹೋಗಿ ನರಕೋಶಗಳಾಗಿ ಮಿದುಳಿನಲ್ಲಿ ಜಾಗ ಹಿಡಿಯುತ್ತವೆ ಎನ್ನಲು ಆಧಾರ ಇಲ್ಲ. ಲ್ಯಾಬಿನಲ್ಲಿ ತಿಂಗಳುಗಟ್ಟಲೆ ಸಾಕಿ, ಹಂತ ಹಂತವಾಗಿ ನರಕೋಶ ಮಾಡಿದ್ದಕ್ಕೂ ಇದಕ್ಕೂ ಹೆಸರಿನಲ್ಲಿ ಬಿಟ್ಟರೆ ಬೇರೆಲ್ಲೂ ನಂಟಿಲ್ಲ.

ಹಾಗಾದರೆ ‘ನಮ್ಮ ಮಾವನಿಗೆ ವಾಸಿ ಆಯ್ತು’ ಎನ್ನುವವರು ಸುಳ್ಳು ಹೇಳುತ್ತಾರಾ? ಇಲ್ಲ. ಲಕ್ವ ಹೊಡೆದ ಮೊದಲ ಕೆಲವು ತಿಂಗಳಲ್ಲಿ ಕೈಕಾಲು ಸ್ವಲ್ಪ ಸ್ವಲ್ಪವಾಗಿ ತಾನೇ ಮರಳುತ್ತದೆ, ಫಿಸಿಯೋಥೆರಪಿ ಮಾಡಿಸಿದರೆ ಇನ್ನೂ ಜಾಸ್ತಿ. ಆಟಿಸಂ ಇರುವ ಮಗು ಕೂಡ ವರ್ಷದಿಂದ ವರ್ಷಕ್ಕೆ ಕಲಿಯುತ್ತದೆ. ಇಂಜೆಕ್ಷನ್ ಕೊಡಿಸಿದ ಮನೆಯವರು ಥೆರಪಿಯನ್ನೂ ನಿಷ್ಠೆಯಿಂದ ಮಾಡಿಸುತ್ತಾರೆ. ಹೊಲ ಮಾರಿ ದುಡ್ಡು ಕೊಟ್ಟ ಮೇಲೆ ಸಣ್ಣ ಬದಲಾವಣೆಯೂ ದೊಡ್ಡದಾಗಿ ಕಾಣುವುದು ಸಹಜ. ಇಂಜೆಕ್ಷನ್ ಇಲ್ಲದೆಯೂ ಅಷ್ಟೇ ಆಗುತ್ತಿತ್ತೇ ಎಂದು ತಿಳಿಯಲು ಕೊಟ್ಟವರನ್ನೂ ಕೊಡದವರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಟ್ರಯಲ್ ಅಂದ್ರೆ ಅದೇ.

ನಿಜವಾದ ಟ್ರಯಲ್ ಹೇಗಿರುತ್ತದೆ ಎಂಬುದಕ್ಕೆ ಪಾರ್ಕಿನ್ಸನ್ ನೋಡಿ. ಇದರಲ್ಲಿ ಡೋಪಮಿನ್ ಎಂಬ ರಾಸಾಯನಿಕ ಮಾಡುವ ನರಕೋಶಗಳು ಸಾಯುತ್ತವೆ, ಕೈ ನಡುಗುತ್ತದೆ, ಮೈ ಬಿಗಿದು ನಡಿಗೆ ನಿಧಾನವಾಗುತ್ತದೆ. ಸಾಯುವ ಕೋಶ ಯಾವುದು, ಎಲ್ಲಿ ಬೇಕು ಎಂಬುದು ಗೊತ್ತಿರುವುದರಿಂದ ಕಸಿಗೆ ಇದು ಮೊದಲ ಆಯ್ಕೆ. 2025ರ ಏಪ್ರಿಲ್‌ನಲ್ಲಿ ಎರಡು ವರದಿ ಒಟ್ಟಿಗೆ ಬಂದವು. ಒಂದರಲ್ಲಿ ಅಮೆರಿಕ-ಕೆನಡಾದ 12 ರೋಗಿಗಳು, ಇನ್ನೊಂದರಲ್ಲಿ ಕ್ಯೋಟೊದ 7 ರೋಗಿಗಳು. ಕೋಶಗಳು ಬದುಕಿ ಡೋಪಮಿನ್ ಮಾಡಿದವು, ಗಡ್ಡೆ ಆಗಲಿಲ್ಲ, ಕೆಲವರ ಲಕ್ಷಣಗಳು ಸುಧಾರಿಸಿದವು. ಒಳ್ಳೆ ಸುದ್ದಿ. ಆದರೆ ಆ ಪ್ರಯೋಗಗಳು ಮುಖ್ಯವಾಗಿ ಕೇಳಿದ್ದು ಇದು ಅಪಾಯವೇ ಎಂದು. ವಾಸಿ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಇನ್ನೂ ಹೆಚ್ಚು ಜನರ ಮೇಲೆ ಉತ್ತರ ಬರಬೇಕು. ಮನುಷ್ಯನ ಭ್ರೂಣದಿಂದ ಬೇರ್ಪಡಿಸಿದ ಮೊದಲ ಸ್ಟೆಮ್ ಸೆಲ್‌ನಿಂದ ಇಲ್ಲಿಯವರೆಗೆ ಬರೋಕೆ 27 ವರ್ಷ ಹಿಡಿಯಿತು.

ಇಂಥ ಪ್ರಯೋಗಗಳನ್ನು ನಮ್ಮ ದೇಶದಲ್ಲಿ ಸಿಟಿಆರ್‌ಐ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ನೋಂದಾಯಿಸಲೇಬೇಕು. ಯಾರು ಬೇಕಾದರೂ ಹುಡುಕಿ ನೋಡಬಹುದು. ಪ್ರಯೋಗಕ್ಕೆ ಒಳಗಾಗುವವರು ಆ ಕೋಶಕ್ಕೆ ದುಡ್ಡು ಕೊಡಬೇಕಿಲ್ಲ. ‘ಟ್ರಯಲ್’ ಎಂದು ಹೇಳಿ ಲಕ್ಷಗಟ್ಟಲೆ ಬಿಲ್ ಕೈಗಿಟ್ಟರೆ ಅಲ್ಲೇ ಏನೋ ತಪ್ಪಿದೆ.

ದಾವಣಗೆರೆಗೆ ಇದರಿಂದ ಏನು?

ಈ ಬಗೆಯ ಲ್ಯಾಬ್ ದಿನವಿಡೀ ಕರೆಂಟು, ಮೈನಸ್ 196 ಡಿಗ್ರಿಯ ದ್ರವ ಸಾರಜನಕ, ಹೊರದೇಶದಿಂದ ತರಿಸುವ ದುಬಾರಿ ರಾಸಾಯನಿಕ ಎಲ್ಲವನ್ನೂ ಬೇಡುತ್ತದೆ. ರಾಜ್ಯದಲ್ಲಿ ಇದು ಬೇರೂರಿರುವುದು ಬೆಂಗಳೂರಿನಲ್ಲಿ. ನಿಮ್ಹಾನ್ಸ್, ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್ ಮತ್ತು ಸ್ಟೆಮ್ ಸೆಲ್ ಸಂಶೋಧನೆಯ ಇನ್‌ಸ್ಟೆಮ್ ಸಂಸ್ಥೆಗಳು ಸೇರಿ, ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ಕುಟುಂಬಗಳನ್ನು ಗುರುತಿಸಿ, ಅವರ ರಕ್ತದಿಂದ ಸ್ಟೆಮ್ ಸೆಲ್ ಮಾಡುವ ಯೋಜನೆಯನ್ನು ನಡೆಸಿಕೊಂಡು ಬಂದಿವೆ. ಕಾಯಿಲೆ ಇರುವ ಅಣ್ಣನ ಕೋಶ, ಕಾಯಿಲೆ ಇಲ್ಲದ ತಮ್ಮನ ಕೋಶ ಎರಡನ್ನೂ ಹೋಲಿಸಿದರೆ ಎಲ್ಲಿ ವ್ಯತ್ಯಾಸ ಎಂದು ಹುಡುಕುವುದು ಸುಲಭ, ಯಾಕೆಂದರೆ ಉಳಿದದ್ದು ಬಹಳಷ್ಟು ಒಂದೇ.

ಇಲ್ಲೇ ಮಧ್ಯ ಕರ್ನಾಟಕದ ಜಿಲ್ಲೆಗಳ ಪಾತ್ರ ಬರುವುದು. ಜಗತ್ತಿನ ಕೋಶ ಬ್ಯಾಂಕುಗಳಲ್ಲಿ ಬಹುಪಾಲು ಯುರೋಪಿನ ಮೂಲದವರ ಕೋಶಗಳಿವೆ. ನಮ್ಮಲ್ಲಿ ಜಾತಿಯೊಳಗೇ ಮದುವೆ ಹಳೆಯದು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದೂ ಇದೆ. ಇದರಿಂದ ಕೆಲವು ಅಪರೂಪದ ವಂಶವಾಹಿ ದೋಷಗಳು ಕೆಲವು ಮನೆತನಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತವೆ. ಅವುಗಳಿಗೆ ಔಷಧಿ ಹುಡುಕಬೇಕೆಂದರೆ ಆ ಮನೆಗಳ ಕೋಶವೇ ಬೇಕು, ವಿಯೆನ್ನಾದವರದ್ದು ಸಾಲದು. ಬೆಂಗಳೂರು ದಾವಣಗೆರೆಗೆ ಸುಮಾರು 260 ಕಿಲೋಮೀಟರ್, ಚಿತ್ರದುರ್ಗಕ್ಕೆ 200. ಬೆಳಿಗ್ಗೆ ಇಲ್ಲಿ ತೆಗೆದ ರಕ್ತ ಸಂಜೆಯೊಳಗೆ ಅಲ್ಲಿನ ಲ್ಯಾಬ್ ಸೇರಬಹುದು. ರಕ್ತ ಕಳಿಸೋದು ಕಷ್ಟದ ಕೆಲಸವೇ ಅಲ್ಲ. ಮೂರು ತಲೆಮಾರಿನಲ್ಲಿ ಯಾರಿಗೆ ಫಿಟ್ಸ್ ಇತ್ತು, ಯಾರಿಗೆ ‘ತಲೆ ಕೆಟ್ಟಿತ್ತು’ ಎಂದು ಬಾಯಿಬಿಡಿಸುವುದು ಕಷ್ಟ. ಹೆಣ್ಣುಮಕ್ಕಳ ಮದುವೆ ಬಾಕಿ ಇರುವ ಮನೆಯಲ್ಲಂತೂ ಯಾರೂ ಹೇಳಲ್ಲ. ಆ ಕೆಲಸ ಬೆಂಗಳೂರಿನ ಲ್ಯಾಬಿನಿಂದ ಆಗದು. ಇಲ್ಲಿನ ವೈದ್ಯಕೀಯ ಕಾಲೇಜುಗಳು, ಜಿಲ್ಲಾಸ್ಪತ್ರೆಗಳು, ಮನೆಯ ಕಷ್ಟ ಗೊತ್ತಿರುವ ಆಶಾ ಕಾರ್ಯಕರ್ತೆಯರಿಂದ ಆಗಬೇಕು. ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ದೊಡ್ಡ ಕ್ಯಾಂಪಸ್ ಇದ್ದರೂ, ಈ ವಿಷಯದಲ್ಲಿ ಜಿಲ್ಲೆಗೆ ಮೊದಲು ಬೇಕಾಗಿರೋದು ಹೊಸ ಕಟ್ಟಡ ಅಲ್ಲ.

ಇನ್ನೊಂದು ಪರಿಣಾಮ ಔಷಧಿ ಅಂಗಡಿಯ ಕಡೆಯದು. 2023ರಲ್ಲಿ ಕೇಂದ್ರ ಸರ್ಕಾರ ಹೊಸ ಔಷಧಿಗಳ ನಿಯಮ ತಿದ್ದಿ, ಪ್ರಾಣಿ ಪ್ರಯೋಗದ ಬದಲು ಮನುಷ್ಯನ ಕೋಶ, ಆರ್ಗನಾಯ್ಡ್ ಬಳಸಲೂ ದಾರಿ ಮಾಡಿತು. ಅಮೆರಿಕ 2022ರ ಕೊನೆಯಲ್ಲಿ ಇಂಥದ್ದೇ ಕಾನೂನು ಮಾಡಿತ್ತು. ಸೋಲುವ ಔಷಧಿ ಬೇಗ ಗೊತ್ತಾದರೆ ಕಂಪನಿಯ ಖರ್ಚು ಉಳಿಯುತ್ತದೆ. ಆ ಉಳಿತಾಯ ಮಾತ್ರೆಯ ಬೆಲೆಗೆ ಇಳಿದು ಬರುತ್ತದೆಯೇ ಎಂಬುದು ಬೇರೆ ಮಾತು, ಇಲ್ಲಿಯವರೆಗಿನ ಅನುಭವ ಅಷ್ಟೇನೂ ಭರವಸೆ ಕೊಡಲ್ಲ.

ಸಹಿಯ ಜಾಗದಲ್ಲಿ ಹೆಬ್ಬೆಟ್ಟು

1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಕ್ಯಾನ್ಸರ್ ಕೋಶಗಳನ್ನು ಅವರನ್ನು ಕೇಳದೆ ಸಂಶೋಧನೆಗೆ ಬಳಸಿದರು. ಆಕೆ ಅದೇ ವರ್ಷ ತೀರಿಕೊಂಡರು. ಕೋಶಗಳು ಇವತ್ತಿಗೂ ಜಗತ್ತಿನ ಲ್ಯಾಬ್‌ಗಳಲ್ಲಿ ಬೆಳೆಯುತ್ತಿವೆ. ಮನೆಯವರಿಗೆ ವಿಷಯ ಗೊತ್ತಾಗಿದ್ದೇ ಎರಡು ದಶಕ ಆದ ಮೇಲೆ. ಈಗ ಕಾಲ ಬದಲಾಗಿದೆ, ಒಪ್ಪಿಗೆ ಪತ್ರ ಇಲ್ಲದೆ ಹನಿ ರಕ್ತವನ್ನೂ ಸಂಶೋಧನೆಗೆ ತೆಗೆಯುವಂತಿಲ್ಲ.

ಆದರೆ ಒಪ್ಪಿಗೆ ಹೇಗೆ ಕೇಳುತ್ತಾರೆ? ಹರಿಹರದ ಕಡೆಯ ಒಂದು ಹಳ್ಳಿಯಿಂದ ಬಂದ ಮುದುಕರೊಬ್ಬರು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾರೆ ಅಂದುಕೊಳ್ಳಿ. ಮಗನಿಗೆ ಕಾಯಿಲೆ. “ಯಜಮಾನ್ರೆ, ನಿಮ್ಮದೂ ಒಂಚೂರು ರಕ್ತ ತಗೋತೀವಿ, ಟೆಸ್ಟಿಗೆ” ಅಂದರೆ ಅವರು ತೋಳು ಚಾಚುತ್ತಾರೆ. ಅವರ ತಲೆಯಲ್ಲಿರುವುದು ಶುಗರ್ ಟೆಸ್ಟ್. ಸಂಜೆ ರಿಪೋರ್ಟ್ ಬರುತ್ತದೆ ಎಂದು ಕಾಯುತ್ತಾರೆ. ಆ ರಕ್ತದಿಂದ ಸ್ಟೆಮ್ ಸೆಲ್ ಮಾಡುತ್ತಾರೆ, ಅದರಿಂದ ಮಿದುಳಿನ ಕೋಶ ಬೆಳೆಸುತ್ತಾರೆ, ತಾನು ಹೋದ ಮೇಲೂ ಅದು ಫ್ರೀಜರಿನಲ್ಲಿ ಇರುತ್ತದೆ, ಬೇರೆ ದೇಶದ ಲ್ಯಾಬಿಗೂ ಹೋಗಬಹುದು, ಮುಂದೊಂದು ದಿನ ಇಲಿಯ ತಲೆಗೋ ಗೇಮ್ ಆಡುವ ಚಿಪ್ಪಿಗೋ ಸೇರಬಹುದು, ಇದರಿಂದ ಮಗನಿಗೆ ನೇರವಾಗಿ ಏನೂ ಸಿಗದಿರಬಹುದು — ಇಷ್ಟನ್ನೂ ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿದ ಮೇಲೆ ಸಿಗುವ ‘ಹ್ಞೂಂ’ ಮಾತ್ರ ಒಪ್ಪಿಗೆ. ಇದಕ್ಕೆ ಹತ್ತು ನಿಮಿಷ ಸಾಲದು. ದಿನಕ್ಕೆ ನೂರು ಜನ ಬರುವ ಹೊರರೋಗಿ ವಿಭಾಗದಲ್ಲಿ ಆ ಹೊತ್ತು ಯಾರ ಹತ್ತಿರ ಇದೆ?

ಅವರು ಮುಂದಿನ ವರ್ಷ ಬಂದು “ಬೇಡ ಕಣಪ್ಪ, ನನ್ನದು ವಾಪಸ್ ಕೊಟ್ಟುಬಿಡು” ಅಂದರೆ? ಮುಂದೆ ಬಳಸದಂತೆ ತಡೆಯಬಹುದು, ಸೀಸೆಯಲ್ಲಿ ಉಳಿದದ್ದನ್ನು ನಾಶ ಮಾಡಬಹುದು. ಅಷ್ಟರಲ್ಲಿ ಬೇರೆ ಲ್ಯಾಬಿಗೆ ಹೋದದ್ದನ್ನು, ಈಗಾಗಲೇ ಓದಿ ಕಂಪ್ಯೂಟರಿಗೆ ಹಾಕಿದ ಜೀನಿನ ಮಾಹಿತಿಯನ್ನು ಪೂರ್ತಿ ಹಿಂದಕ್ಕೆ ಪಡೆಯೋದು ಆಗದ ಮಾತು. ಇದನ್ನು ಸೂಜಿ ಚುಚ್ಚುವ ಮೊದಲೇ ಅವರಿಗೆ ಹೇಳಬೇಕು.